ಹನ್ನೊಂದು ದಿನ ಫ್ಲೋರೆಸ್ ದ್ವೀಪ ಸುತ್ತಿಸಿದ ಬಾಡಿಗೆ ಕಾರಿನ ಬಗ್ಗೆ

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪವನ್ನು ಪಶ್ಚಿಮದ ಲಬುವಾನ್ ಬಾಜೊದಿಂದ ಪೂರ್ವದ ಮೌಮೆರೆಯವರೆಗೆ ಚಾಲಕಸಹಿತ ಬಾಡಿಗೆ ಕಾರಿನಲ್ಲಿ ದಾಟಿ, ಅದೇ ಕಾರಿನಲ್ಲಿ ಮರಳಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದೇ ದಿಕ್ಕಿಗೆ ಹೋದರೂ ಕಾರು ಖಾಲಿ ಹಿಂತಿರುಗುವ ಖರ್ಚು ನಮ್ಮದೇ ಎಂದು ತಿಳಿದಾಗ, ಕೊಡುವ ಹಣಕ್ಕೆ ಕೂತಾದರೂ ಬರೋಣವೆಂದು ನಾವು ಮೂವರೂ ನಿಶ್ಚಯಿಸಿದೆವು. ಇಂಧನವೂ ಸೇರಿ ದಿನಕ್ಕೆ ಒಂಬತ್ತು ಲಕ್ಷ. ಅದು ರುಪಿಯಾ ಲೆಕ್ಕವಾದ್ದರಿಂದ ಗಾಬರಿಯಾಗಬೇಕಿಲ್ಲ, ನಮ್ಮ ಹಣದಲ್ಲಿ ತಲೆಗೆ ದಿನಕ್ಕೆ ಎರಡು ಸಾವಿರದೊಳಗೇ ಮುಗಿಯಿತು.

ಇಲ್ಲಿನ ಕೆಲಿಮುತು ಪರ್ವತದ ಬಣ್ಣ ಬದಲಿಸುವ ಮೂರು ಸರೋವರಗಳ ಚಿತ್ರಗಳನ್ನು ಎಲ್ಲರೂ ನೋಡಿರುತ್ತಾರೆ. ನನ್ನ ತಕರಾರು ಇರುವುದು ಕಾರಿನೊಳಗಿನ ಗಾಳಿಯ ಬಗ್ಗೆ. ಮುಂಗಡ ಪಡೆಯುವಾಗ ಸಂಸ್ಥೆಯವರು ಧೂಮಪಾನರಹಿತ ವಾಹನವೆಂದು ಬರೆದುಕೊಟ್ಟಿದ್ದರು. ಮೊದಲ ದಿನ ಬಾಗಿಲು ತೆರೆದಾಗ ಕನ್ನಡಿಗೆ ತೂಗುಹಾಕಿದ್ದ ನಿಂಬೆಯ ಸುಗಂಧದ ಬಿಲ್ಲೆಯೊಂದು ಮೂಗಿಗೆ ಬಡಿಯಿತು. ಅದರ ಬೆನ್ನಿಗೇ, ಸೀಟಿನ ಬಟ್ಟೆಯೊಳಗೆ ವರ್ಷಗಳಿಂದ ಇಳಿದು ಕುಳಿತಿದ್ದ ಕ್ರೆತೆಕ್ ಹೊಗೆ. ಕ್ರೆತೆಕ್ ಎಂದರೆ ತಂಬಾಕಿಗೆ ಲವಂಗ ಬೆರೆಸಿದ ಸಿಗರೇಟು. ಉರಿಯುವಾಗ ಲವಂಗ ಚಟಪಟಗುಟ್ಟುವ ಸದ್ದೇ ಅದಕ್ಕೆ ಹೆಸರಾಗಿದೆ. ನಾವು ಒಳಗಿದ್ದಾಗ ಚಾಲಕರು ಎಂದೂ ಸೇದಲಿಲ್ಲ, ನಿಜ. ಆದರೆ ನಾವು ಇಳಿದಲ್ಲೆಲ್ಲ ಕಿಟಕಿ ಮುಚ್ಚಿ, ಏಸಿ ಹಾಕಿಕೊಂಡು, ನೆಮ್ಮದಿಯಾಗಿ ಸೇದಿ ಮುಗಿಸಿರುತ್ತಿದ್ದರು.

ರಸ್ತೆ ನೆಟ್ಟಗಿದ್ದರೆ ಇದನ್ನೂ ಸಹಿಸಬಹುದಿತ್ತು. ಲಬುವಾನ್ ಬಾಜೊದಿಂದ ಮೊದಲ ತಂಗುದಾಣವಾದ ರುತೆಂಗ್ ಪಟ್ಟಣ ಸುಮಾರು 130 ಕಿಲೋಮೀಟರ್. ಹಿಡಿಯುವುದು ನಾಲ್ಕು ಗಂಟೆ. ಆಗುಂಬೆ ಘಾಟಿಯಲ್ಲಿ ತಿರುವುಗಳನ್ನು ಎಣಿಸಿ, ಮುಗಿಯಿತೆಂದು ಉಸಿರುಬಿಡಬಹುದು. ಇಲ್ಲಿ ಬೆಳಿಗ್ಗೆ ಶುರುವಾದ ತಿರುವು ಸಂಜೆ ವಸತಿಗೃಹದ ಅಂಗಳದಲ್ಲಷ್ಟೇ ನಿಲ್ಲುತ್ತದೆ. ಹಳೆಯ ಲವಂಗದ ಹೊಗೆ, ನಿಂಬೆಯ ಬಿಲ್ಲೆ ಮತ್ತು ಆ ತಿರುವುಗಳು ಸೇರಿ ಮೊದಲ ದಿನವೇ ನನ್ನನ್ನೂ ನನ್ನ ಗೆಳೆಯನನ್ನೂ ಎರಡೆರಡು ಬಾರಿ ರಸ್ತೆಯಂಚಿನಲ್ಲಿ ಬಗ್ಗಿಸಿದವು. ಅಂದು ರಾತ್ರಿ ಬರೆದಿದ್ದರೆ ಈ ವಿಮರ್ಶೆಗೆ ಒಂದೇ ನಕ್ಷತ್ರ ಸಿಗುತ್ತಿತ್ತು.

ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ರುತೆಂಗ್‌ನಲ್ಲಿ ಮರುದಿನ ಮಂಜು ಮತ್ತು ಜಿನುಗು ಮಳೆ. ಮುಂದಿನ ಗಾಜಿನ ಜಿಡ್ಡನ್ನು ವೈಪರ್ ಅತ್ತಿಂದಿತ್ತ ಸವರುತ್ತಿತ್ತೇ ಹೊರತು ಒರೆಸುತ್ತಿರಲಿಲ್ಲ. ಚಾಲಕರು ಕಾರು ನಿಲ್ಲಿಸಿ, ಜೇಬಿನಿಂದ ಒಂದು ಕ್ರೆತೆಕ್ ತೆಗೆದರು. ಸೇದಲೆಂದು ನಾನು ಹಲ್ಲುಕಚ್ಚಿ ಕಾದೆ. ಅವರು ಅದನ್ನು ನಡುವೆ ಮುರಿದು, ತಂಬಾಕನ್ನು ಅಂಗೈಗೆ ಉದುರಿಸಿಕೊಂಡು, ಮಳೆಹನಿಯಲ್ಲೇ ನೆನೆಸಿ, ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ವೃತ್ತವೃತ್ತವಾಗಿ ಉಜ್ಜತೊಡಗಿದರು. ಕುದುರೆಯ ಮೈ ತಿಕ್ಕುವವರ ನಿಧಾನ ಆ ಕೈಯಲ್ಲಿತ್ತು. ವೈಪರ್ ಒಮ್ಮೆ ಆಡಿದೊಡನೆ ಜಿಡ್ಡೆಲ್ಲ ಹೋಗಿ ರಸ್ತೆ ನಿಚ್ಚಳವಾಗಿ ಕಂಡಿತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ, ಗಸಿ ತಳಕ್ಕಿಳಿಯಲೆಂದು ಕಾಫಿ ಲೋಟವನ್ನು ಬಾನೆಟ್ ಮೇಲಿಟ್ಟುಕೊಂಡು ಈ ಉಜ್ಜಾಟವನ್ನು ನೋಡುವುದು ನನ್ನ ನಿತ್ಯಕರ್ಮವಾಯಿತು. ದಾರಿಯಲ್ಲಿ ಸಿಗುವ ಬಜಾವಾ ಪಟ್ಟಣದ ಕಾಫಿ, ಸೋಸದೆ ಕುಡಿದರೂ, ಚಿಕ್ಕಮಗಳೂರಿನವನಾದ ನನ್ನ ಹಮ್ಮನ್ನು ತುಸು ಇಳಿಸಿತೆಂದು ಒಪ್ಪಿಕೊಳ್ಳಬೇಕು.

ಅಸಮಾಧಾನ ಕರಗಿದ್ದಕ್ಕೆ ಇನ್ನೊಂದು ಕಾರಣ ಹಳ್ಳಿಗಳ ರಸ್ತೆಯಂಚು. ಅಲ್ಲಿ ಟಾರ್ಪಾಲಿನ ಮೇಲೆ ಲವಂಗ ಒಣಗುತ್ತಿರುತ್ತದೆ. ಅಂಗಳದಲ್ಲಿ ಹರಡಿದ ಕಾಫಿ ಬೀಜವನ್ನು ತುಳಿದು ಬೈಸಿಕೊಂಡೇ ಬೆಳೆದ ನನಗೆ, ಎದುರಿನಿಂದ ಲಾರಿ ಬರುತ್ತಿದ್ದರೂ ಒಂದು ಕಾಳೂ ಚಕ್ರಕ್ಕೆ ಸಿಗದಂತೆ, ‘ಪೆಲಾನ್ ಪೆಲಾನ್’ (ನಿಧಾನ, ನಿಧಾನ) ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಕಾರು ನುಸುಳಿಸುವ ಚಾಲಕರ ಮೇಲೆ ಸಿಟ್ಟು ಉಳಿಸಿಕೊಳ್ಳಲಾಗಲಿಲ್ಲ. ಕಿಟಕಿ ಇಳಿಸಿದಾಗ ಬರುವ ಹಸಿ ಲವಂಗದ ಪರಿಮಳಕ್ಕೂ ಸೀಟಿನಿಂದ ಏಳುವ ವಾಸನೆಗೂ ನಂಟಿದೆಯೆಂದರೆ ನಂಬುವುದು ಕಷ್ಟ.

ಮುಂದೆ ಇಂಡೋನೇಷ್ಯಾದ ಮೊದಲ ಅಧ್ಯಕ್ಷರಾದ ಸುಕಾರ್ನೊ ಅವರನ್ನು ಡಚ್ಚರು 1934ರಿಂದ 1938ರವರೆಗೆ ಗಡೀಪಾರಿನಲ್ಲಿ ಇರಿಸಿದ್ದ ಎಂಡೆ ಪಟ್ಟಣದಲ್ಲಿ, ಆ ಮನೆಯ ಮುಂದೆ ಇಳಿಯುವಾಗ, ಇನ್ನು ಮೇಲೆ ಹೊರಗೆ ನಿಂತು ಸೇದಿರೆಂದು ಚಾಲಕರನ್ನು ಕೊನೆಗೂ ಕೇಳಿಕೊಂಡೆ. ಅವರು ನಕ್ಕು ಒಪ್ಪಿದರು. ಮೌಮೆರೆಯವರೆಗೂ, ಅಲ್ಲಿಂದ ಮರಳಿ ಬಜಾವಾದವರೆಗೂ ಮಾತು ಉಳಿಸಿಕೊಂಡರು. ಬಜಾವಾದಲ್ಲಿ ಮಳೆ ಬಂತು, ಒಳಗೆ ಕುಳಿತು ಸೇದಿದರು.

ಚಾಲನೆಗೆ ಐದಕ್ಕೆ ಐದು, ಕಾರಿಗೆ ಎರಡು. ಏಸಿ ನೆಚ್ಚಿಕೊಳ್ಳದೆ ಕಿಟಕಿ ಪೂರ್ತಿ ಇಳಿಯುವ ಸೀಟನ್ನು ಮೊದಲೇ ಹಿಡಿದುಕೊಳ್ಳಿ. ಧೂಮಪಾನರಹಿತ ಎಂಬ ಮಾತಿನ ಬಗ್ಗೆ ಸಂಸ್ಥೆಗೆ ದೂರು ಬರೆದಾಗ ಅವರು ಬಹಳ ವಿನಯದಿಂದ ಕ್ಷಮೆ ಕೋರಿ, ಮುಂದಿನ ಬಾರಿ ನಿಂಬೆಯ ಬಿಲ್ಲೆ ಎರಡು ಕಟ್ಟಿಸುವುದಾಗಿ ತಿಳಿಸಿದ್ದಾರೆ.