ಕುದುರೆಯ ಮೂತ್ರಕೋಶದ ಕಲ್ಲು ತೆಗೆಯುತ್ತೇನೆಂದು ಮನೆಗೇ ಬರುವವರನ್ನು ನಂಬಬೇಡಿ

ಗಂಗಾವತಿ, ಕೊಪ್ಪಳದ ಕಡೆ ಮದುವೆ ಮೆರವಣಿಗೆಗೆಂದು ಕುದುರೆ ಸಾಕಿಕೊಂಡವರು ದಯವಿಟ್ಟು ಇದನ್ನು ಓದಬೇಕು. ಇಷ್ಟು ವರ್ಷ ಕುದುರೆ ಸಾಕಿದ ನಾನೇ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಬೀಜ ಒಡೆಸಿದ ನಮ್ಮ ಬಿಳಿ ಕುದುರೆ ಮೆರವಣಿಗೆ ಮುಗಿಸಿ ಬಂದಾಗಲೆಲ್ಲ ಹಿಂಗಾಲು ಅಗಲಿಸಿ ನಿಂತು, ಬಹಳ ಹೊತ್ತು ತಿಣುಕಿ, ರಕ್ತ ಬೆರೆತ ಮೂತ್ರವನ್ನು ಹನಿಹನಿಯಾಗಿ ಹೊಯ್ಯುತ್ತಿತ್ತು. ಪರಿಚಿತರೊಬ್ಬರು ಕರೆತಂದ ‘ಡಾಕ್ಟರು’ ಗುದದ್ವಾರದಲ್ಲಿ ಕೈಹಾಕಿ ನೋಡಿ, ಕಲ್ಲಿದೆ ಎಂದ. ಅದು ನಿಜವೇ ಆಗಿತ್ತು, ಅದಕ್ಕೇ ಮುಂದಿನದನ್ನೆಲ್ಲ ನಂಬಿದೆ. ಗಾಜಿನ ಲೋಟದಲ್ಲಿ ಮೂತ್ರ ಹಿಡಿದು, ಅದು ಮಜ್ಜಿಗೆಯಂತೆ ಕದಡಿದ್ದನ್ನು ತೋರಿಸಿ, ಕೀವು ತುಂಬಿದೆ, ಇಂದೇ ಆಪರೇಷನ್ ಆಗಬೇಕೆಂದು ಹೆದರಿಸಿದ. ಸುಣ್ಣದ ಹರಳು ಮತ್ತು ಲೋಳೆ ಇರುವುದರಿಂದ ಕುದುರೆಯ ಮೂತ್ರ ಆರೋಗ್ಯವಾಗಿದ್ದಾಗಲೂ ಕದಡಿಯೇ ಇರುತ್ತದೆ. ದಿನವೂ ಲಾಯ ಗುಡಿಸುವ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಲೋಟ ಕಂಡಾಗ ಮರೆತೆ.

22,000 ರೂಪಾಯಿ ಎಣಿಸಿಕೊಂಡು, "ನೀವು ಹೊರಗ ನಿಂದರ್ರಿ, ಕುದುರಿ ಬೆದರ್ತೈತಿ" ಎಂದ. ನಾನು ಹೊರಗೆ ನಿಂತೆ. ನನ್ನ ಕುದುರೆ, ನನ್ನ ಲಾಯ, ನಾನು ಹೊರಗೆ! ಅರ್ಧ ತಾಸಿನ ನಂತರ ಬಾಲದ ಕೆಳಗೆ ಮೂರು ಹೊಲಿಗೆಗಳಿದ್ದವು, ಅವನ ಅಂಗೈಯಲ್ಲಿ ನುಣುಪಾದ ಬೂದು ಕಲ್ಲಿತ್ತು. ಅದನ್ನು ಓಣಿಗೆಲ್ಲ ತೋರಿಸಿಕೊಂಡು ಬಂದವನೂ ನಾನೇ.

ಐದನೆಯ ದಿನ ಅದೇ ತಿಣುಕಾಟ, ಅದೇ ರಕ್ತ. ಫೋನು ಮಾಡಿದರೆ, "ಕಲ್ಲು ಒಂದೇ ಐತಿ ಅಂತ ನಾ ಯಾವಾಗ ಹೇಳೀನ್ರಿ?" ಎಂದ. ಮರುದಿನ, "ನೀರು ಕಡಿಮಿ ಕುಡಿಸೀರಿ, ತಪ್ಪು ನಿಮ್ಮದು" ಎಂದ. ರಸೀದಿ ಕೇಳಿದೆ. "ರಸೀದಿ ಬೇಕಾದವ್ರು ದೊಡ್ಡ ದವಾಖಾನಿಗೆ ಹೋಗ್ರಿ" ಎಂದ.

ಹೋದೆ. ಅಲ್ಲಿನ ಪಶುವೈದ್ಯರು ಕೈಹಾಕಿ ನೋಡಿ, ಸ್ಕ್ಯಾನ್ ಮಾಡಿ, ಕಲ್ಲು ಇದ್ದಲ್ಲೇ ಇದೆ ಎಂದರು. ಕುದುರೆಯನ್ನು ನಿಲ್ಲಿಸಿಯೇ ಕಲ್ಲು ತೆಗೆಯುವ ಕ್ರಮ ನಿಜಕ್ಕೂ ಇದೆಯಂತೆ. ಬಾಲದ ಬುಡದಲ್ಲಿ ಬೆನ್ನುಮೂಳೆಗೆ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿ, ಗುದದ್ವಾರದ ಕೆಳಗೆ ಮೂತ್ರನಾಳವನ್ನೇ ಕೊಯ್ದು, ಅಲ್ಲಿಂದ ಕಲ್ಲನ್ನು ಹಿಡಿದೋ ಪುಡಿಮಾಡಿಯೋ ಹೊರತೆಗೆಯುತ್ತಾರೆ. ಆ ಗಾಯವನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಅದು ತಾನೇ ಕೂಡಿಕೊಳ್ಳುವವರೆಗೆ ಕೆಲವು ದಿನ ಅಲ್ಲಿಂದಲೂ ಮೂತ್ರ ಸೋರುತ್ತದೆ. ನಮ್ಮ ಕುದುರೆಯ ಗಾಯದಿಂದ ಒಂದು ಹನಿಯೂ ಸೋರಿರಲಿಲ್ಲ, ಚಂದದ ಮೂರು ಹೊಲಿಗೆ ನೋಡಿ ನಾನು ಮೆಚ್ಚಿಕೊಂಡಿದ್ದೆ. ಅವನು ಕೊಯ್ದದ್ದು ಬರಿ ಚರ್ಮ.

ಜೇಬಿನಲ್ಲಿದ್ದ ಕಲ್ಲನ್ನು ವೈದ್ಯರ ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಎರಡು ಹನಿ ಆಮ್ಲ ಬಿಟ್ಟರು. ಏನೂ ಆಗಲಿಲ್ಲ. ಕುದುರೆಯ ಮೂತ್ರಕೋಶದ ಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿರುವುದರಿಂದ ಆಮ್ಲ ಬಿದ್ದರೆ ನೊರೆಯುಕ್ಕುತ್ತದೆ. ನನ್ನದು ಹೊಳೆಯ ಬೆಣಚುಕಲ್ಲು. ಆಮೇಲೆ ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದದ್ದು ಹಳದಿ ಬಣ್ಣದ, ಮೈಯೆಲ್ಲ ಮುಳ್ಳುಮುಳ್ಳಾದ, ನಿಂಬೆಹಣ್ಣಿನಷ್ಟು ದೊಡ್ಡ ಕಲ್ಲು.

ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ, ಇಲ್ಲವೇ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಯಾರೇ ಬಂದರೂ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಹೊರಗೆ ನಿಲ್ಲಿ ಎಂದರೆ ನಿಲ್ಲಬೇಡಿ.

ಹಣ ವಾಪಸ್ ಕೊಡೆಂದು ಕೊನೆಯ ಸಲ ಕೇಳಿದಾಗ ಅವನೆಂದದ್ದು: "ಹಂಗಾದ್ರ ನನ್ನ ಕಲ್ಲು ನನಗ ಕೊಡ್ರಿ." ನನ್ನ ಕಲ್ಲು ಎಂದೇ ಅಂದ.