ಗಾಡಿಯಲ್ಲಿ ಫ್ರಿಜ್ ಕೊಂಡುಹೋಗುವವರು ಇದನ್ನೊಮ್ಮೆ ಓದಿ, ಅದರಲ್ಲೂ ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರಿದ್ರೆ

ವಿಷು ಕಳೆದ ಶನಿವಾರ ನಮಗೆ ಆದದ್ದನ್ನು ಬರೀತಿದ್ದೇನೆ. ಶಾಲೆ ಶುರುವಾಗುವ ಮೊದಲು ಮಕ್ಕಳನ್ನು ಕರ್ಕೊಂಡು ರಾಣಿಪುರಂ, ತಲಕಾವೇರಿ ಅಂತ ಹೊರಡುವವರು ನಮ್ಮ ಕಡೆ ತುಂಬ ಜನ, ಈಗೀಗ ಎಲ್ಲರ ಗಾಡಿಯ ಡಿಕ್ಕಿಯಲ್ಲೂ ಆ ಪೆಟ್ಟಿಗೆ ಥರದ 12 ವೋಲ್ಟ್ ಫ್ರಿಜ್ ಕಾಣ್ತದೆ, ನಮಗಾದದ್ದು ಇನ್ನೊಬ್ಬರಿಗೆ ಆಗುದು ಬೇಡ.

ನಾವು ಕಾಸರಗೋಡಿನ ಬದಿಯಡ್ಕ ಹತ್ರದವರು. ಹೊರಟದ್ದು ನಾನು, ಹೆಂಡತಿ, ಎರಡು ಮಕ್ಕಳು, ಅಪ್ಪ, ಮತ್ತೆ ಹೆಂಡತಿಯ ಅಣ್ಣ. ಮುಳ್ಳೇರಿಯ, ಬಂದಡ್ಕ ದಾಟಿ ಪಾಣತ್ತೂರು ಕಡೆ ಹೋಗಿ ರಾಣಿಪುರಂ ಬುಡದಲ್ಲಿ ಭಾವನ ಗುರ್ತದವರ ರಬ್ಬರ್ ತೋಟದಲ್ಲಿ ಒಂದು ರಾತ್ರಿ ಟೆಂಟ್ ಹಾಕುದು, ಮರುದಿನ ಪಾಣತ್ತೂರಿಂದ ಘಾಟಿ ಹತ್ತಿ ಭಾಗಮಂಡಲ, ತಲಕಾವೇರಿ ಮುಗಿಸಿ ಮಡಿಕೇರಿಯಲ್ಲಿ ಅಕ್ಕನ ಮನೆಯಲ್ಲಿ ಅಪ್ಪನನ್ನು 15 ದಿನಕ್ಕೆ ಬಿಟ್ಟು ನಾವು ವಾಪಸ್ ಬರುದು ಅಂತ ಲೆಕ್ಕ. ಹಾಗಾಗಿ ಅಪ್ಪನ ಆ ತಿಂಗಳ ಇನ್ಸುಲಿನ್ ಪೂರ್ತಿ ಜೊತೆಗೇ ಇತ್ತು, ಸೀಲ್ ಒಡೆಯದ ಕಾರ್ಟ್ರಿಜ್‌ಗಳ (ಇನ್ಸುಲಿನ್ ಪೆನ್ನಿಗೆ ಹಾಕುವ ಮದ್ದಿನ ಗಾಜಿನ ಕೊಳವೆ) ಡಬ್ಬಿ. ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರ್ಬೇಕು ಅಂತ ಗೊತ್ತಲ್ವಾ, ಅದಕ್ಕೇ ನಾನು ಆ ಫ್ರಿಜ್ ತಗೊಂಡದ್ದು. ಬೀರು ಸೋಡಾ ತಂಪು ಮಾಡ್ಲಿಕ್ಕಲ್ಲ.

40 ಲೀಟರಿನದ್ದು, ಕಂಪ್ರೆಸರ್ ಇರುವಂಥದ್ದು, ಆನ್‌ಲೈನಲ್ಲಿ ತರಿಸಿದ್ದು. ಯಾವ ಕಂಪನಿ ಅಂತ ಹೇಳುದಿಲ್ಲ, ಯಾಕಂದ್ರೆ ಇದು ಒಂದು ಕಂಪನಿಯ ವಿಷಯ ಅಲ್ಲ. ಮಾರುವವರು ಬರೆದದ್ದು "45 ವಾಟ್, ದಿನಕ್ಕೆ ಅರ್ಧ ಯೂನಿಟ್‌ಗಿಂತ ಕಮ್ಮಿ, ಕಾರ್ ಬ್ಯಾಟರಿಯಲ್ಲೇ ಇಡೀ ರಾತ್ರಿ ಓಡ್ತದೆ, ಬ್ಯಾಟರಿ ಪ್ರೊಟೆಕ್ಷನ್ ಉಂಟು". ನಾನು ನಂಬಿದೆ. ಅದು 25 ಡಿಗ್ರಿ ಸೆಕೆಯಲ್ಲಿ ಅಳೆದ ಲೆಕ್ಕ ಅಂತ ಪುಸ್ತಕದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು, ಅದನ್ನು ನಾನು ಓದಿದ್ದು ಎಲ್ಲ ಹಾಳಾದ ಮೇಲೆ. ಏಪ್ರಿಲಲ್ಲಿ ನಮ್ಮ ಊರಲ್ಲಿ 25 ಡಿಗ್ರಿ ಎಲ್ಲಿಂದ ಬರ್ಬೇಕು ಹೇಳಿ, ರಾತ್ರಿ ಕೂಡ ಬರುದಿಲ್ಲ.

ಮೊದಲ ತಪ್ಪು ಮನೆಯಂಗಳದಲ್ಲೇ ಆಯ್ತು. ಬೆಳಿಗ್ಗೆ ಹತ್ತೂವರೆಗೆ ಫ್ರಿಜ್ ಗಾಡಿಗೆ ಏರಿಸಿ ಆಗ್ಲೇ ಆನ್ ಮಾಡಿ, ಆರು ಬಾಟ್ಲಿ ನೀರು, ಹಾಲು, ಮೊಸರು, ನೀರ್ದೋಸೆ ಹಿಟ್ಟು, ಮಾವಿನಹಣ್ಣು ಎಲ್ಲ ಇದ್ದ ಬಿಸಿಯಲ್ಲೇ ತುಂಬಿಸಿದ್ದು. ಸುಮಾರು ಹತ್ತು ಲೀಟರಿನಷ್ಟು ಸಾಮಾನು. ಹತ್ತು ಲೀಟರ್ ನೀರನ್ನು 32 ಡಿಗ್ರಿಯಿಂದ 4ಕ್ಕೆ ಇಳಿಸ್ಬೇಕಾದ್ರೆ ಅದರಿಂದ ಹೊರಗೆ ತೆಗೀಬೇಕಾದ ಬಿಸಿ ಎಷ್ಟು ಅಂತ ಲೆಕ್ಕ ಹಾಕಿದ್ರೆ ಸುಮಾರು 325 ವಾಟ್-ಅವರ್ ಬರ್ತದೆ, ಇಂಥ ಸಣ್ಣ ಕಂಪ್ರೆಸರ್ ಅದನ್ನು ಹೊರಗೆ ಹಾಕ್ಲಿಕ್ಕೆ 200ರಿಂದ 300 ವಾಟ್-ಅವರ್ ಕರೆಂಟ್ ತಿಂತದೆ. ಅಂದ್ರೆ ಅವರು ದಿನಕ್ಕೆ ಅಂತ ಹೇಳಿದ ಅರ್ಧ ಯೂನಿಟ್, ಅಂದ್ರೆ 500 ವಾಟ್-ಅವರ್‌ನಲ್ಲಿ, ಅರ್ಧಾಂಶ ಬರೀ ಸಾಮಾನು ತಂಪಾಗ್ಲಿಕ್ಕೇ ಹೋಯ್ತು. ಹಿಂದಿನ ರಾತ್ರಿ ಮನೆಯ ಕರೆಂಟಲ್ಲಿ ಫ್ರಿಜ್ ಓಡಿಸಿ, ತಂಪು ಸಾಮಾನನ್ನೇ ತುಂಬಿಸಿದ್ರೆ ಇದು ಗಾಡಿಯ ಬ್ಯಾಟರಿ ಮೇಲೆ ಬೀಳ್ತಾನೇ ಇರ್ಲಿಲ್ಲ.

ಎರಡನೇದು ವಯರ್. ನಮ್ಮ ಗಾಡಿಯಲ್ಲಿ ಸಿಗರೇಟ್ ಸಾಕೆಟ್ ಇರುದು ಗೇರ್ ಹತ್ರ, ಡಿಕ್ಕಿಗೆ ಎಟುಕುದಿಲ್ಲ ಅಂತ ಪೇಟೆಯಿಂದ ಒಂದು ಎಕ್ಸ್‌ಟೆನ್ಶನ್ ತಂದಿದ್ದೆ. ಬಂದಡ್ಕ ತಲುಪುವ ಮೊದಲೇ ಪ್ಲಗ್ ಮುಟ್ಟಿದ್ರೆ ಕೈ ಸುಡುವಷ್ಟು ಬಿಸಿ, ಮತ್ತೆ ತೆಗೆದು ನೋಡಿದ್ರೆ ಸುತ್ತ ಇದ್ದ ಬಿಳಿ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆಗ್ಲೇ ಅರ್ಥ ಆಗ್ಬೇಕಿತ್ತು ನನಗೆ. ತೆಳ್ಳಗಿನ ವಯರಲ್ಲಿ 5 ಆಂಪಿಯರ್ ಹೋಗುವಾಗ ದಾರಿಯಲ್ಲೇ ವೋಲ್ಟ್ ಬಿದ್ದುಹೋಗ್ತದೆ. ಒಂದೂವರೆ ಸ್ಕ್ವೇರ್ ಎಂಎಂ ವಯರ್, ನಾಲ್ಕು ಮೀಟರ್ ದೂರ ಅಂದ್ರೆ ಹೋಗಿ ಬರುವ ದಾರಿ ಎಂಟು ಮೀಟರ್, ಅಲ್ಲೇ ಸುಮಾರು ಅರ್ಧ ವೋಲ್ಟ್ ನಷ್ಟ, ಅದರ ಮೇಲೆ ಸಡಿಲ ಸಾಕೆಟ್‌ನದ್ದು ಬೇರೆ. ಬ್ಯಾಟರಿಯಲ್ಲಿ 12 ಇದ್ರೆ ಫ್ರಿಜ್ಜಿಗೆ ಕಾಣುದು 11 ಚಿಲ್ಲರೆ.

ಇದೇ ಮುಂದಿನ ಎಲ್ಲ ಅನಾಹುತಕ್ಕೆ ಮೂಲ. ಈ ಫ್ರಿಜ್‌ಗಳಲ್ಲಿ ಬ್ಯಾಟರಿ ಕಾಪಾಡ್ಲಿಕ್ಕೆ ಹೈ, ಮೀಡಿಯಂ, ಲೋ ಅಂತ ಮೂರು ಸೆಟ್ಟಿಂಗ್ ಇರ್ತದೆ, ನನ್ನದರಲ್ಲಿ ಹೈ ಇಟ್ರೆ 11.1 ವೋಲ್ಟಿಗೆ ಕಟ್ ಆಗ್ತದೆ, ಲೋ ಇಟ್ರೆ 8.5ರ ತನಕ ಎಳೀತದೆ. ಮಧ್ಯಾಹ್ನ ಎರಡು ಗಂಟೆಗೆ ತೋಟಕ್ಕೆ ತಲುಪಿ ಇಂಜಿನ್ ಆಫ್ ಮಾಡಿದ್ದೇ ತಡ ಫ್ರಿಜ್ ಐದೈದು ನಿಮಿಷಕ್ಕೆ ಎರರ್ ತೋರಿಸಿ ನಿಲ್ಲಿಕ್ಕೆ ಶುರು. ಬ್ಯಾಟರಿ ಖಾಲಿಯಾಗಿ ಅಲ್ಲ, ವಯರಲ್ಲಿ ವೋಲ್ಟ್ ಬಿದ್ದು. ನಮಗೆ ಅದೆಲ್ಲ ಎಲ್ಲಿ ಗೊತ್ತು. "ಇದು ಸುಮ್ನೆ ಕಟ್ ಆಗ್ತದೆ ಭಾವ, ಲೋಗೆ ಹಾಕುವ" ಅಂತ ನಾನೇ ಹೇಳಿದ್ದು, ನಾನೇ ಬಟನ್ ಒತ್ತಿದ್ದು. ಕಟ್ ಆಗುದು ನಿಂತಿತು. ಬ್ಯಾಟರಿಗೆ ಇದ್ದ ಒಂದೇ ಕಾವಲನ್ನು ನನ್ನ ಕೈಯಾರೆ ತೆಗೆದ ಹಾಗಾಯ್ತು.

ಮತ್ತೆ ಸಂಜೆ ಭಾವ ಹೇಳಿದ್ರು, ರಾತ್ರಿ ಬೇಕಾದ್ರೆ ಆಫ್ ಮಾಡುವ, ಈಗ ಮೈನಸ್ ನಾಲ್ಕಕ್ಕೆ ಇಟ್ರೆ ತಂಪು ಒಳಗೇ ಉಳೀತದಲ್ವಾ ಅಂತ. ಕೇಳ್ಲಿಕ್ಕೆ ಸರಿಯೇ ಕಂಡಿತು. ಭಾವನದ್ದು ತಪ್ಪಲ್ಲ, ಅಪ್ಪನ ಮದ್ದು ಒಳಗೆ ಉಂಟು ಅಂತ ನೆನಪಿಡ್ಬೇಕಾದವ ನಾನು. ಮಕ್ಕಳು ಕಟ್ಟಿಗೆ ಹೆಕ್ಕಿ ಬೆಂಕಿ ಹಾಕಿದ್ರು, ಅಪ್ಪ ತುಂಬ ಖುಷಿಯಲ್ಲಿ ಅವರ ಕಾಲದಲ್ಲಿ ಈ ದಾರಿಯಲ್ಲಿ ನಡ್ಕೊಂಡು ಭಾಗಮಂಡಲಕ್ಕೆ ಹೋಗ್ತಿದ್ದ ಕಥೆ ಹೇಳ್ತಿದ್ರು, ಊಟ ಆಯ್ತು, ಮಲಗಿದೆವು. ಆಫ್ ಮಾಡ್ಲಿಕ್ಕೆ ಯಾರಿಗೂ ನೆನಪಾಗ್ಲಿಲ್ಲ.

ಬೆಳಿಗ್ಗೆ ಆರೂವರೆಗೆ ಕೀ ತಿರುಗಿಸಿದ್ರೆ ಒಂದು ಟಕ್ ಅಂತ ಶಬ್ದ ಬಂತು, ಮತ್ತೆ ಅದೂ ಇಲ್ಲ. ಡ್ಯಾಶ್‌ಬೋರ್ಡಿನ ಲೈಟ್ ಕೂಡ ಉರೀಲಿಲ್ಲ. ಡಿಕ್ಕಿ ತೆಗೆದ್ರೆ ಫ್ರಿಜ್ಜಿನ ಡಿಸ್‌ಪ್ಲೇ ಕಪ್ಪಗೆ. ಮುಚ್ಚಳ ತೆಗೆದೆ. ಇನ್ಸುಲಿನ್ ಡಬ್ಬಿ ಒಳಗಿನ ಗೋಡೆಗೆ ತಾಗಿ ಕೂತಿತ್ತು, ರಟ್ಟು ಒದ್ದೆಯಾಗಿ ಗೋಡೆಗೆ ಅಂಟಿತ್ತು, ಎಬ್ಬಿಸುವಾಗ ಚರ್ ಅಂತ ಹರಿದು ಬಂತು. ಒಂದು ಕಾರ್ಟ್ರಿಜ್ ಹೊರಗೆ ತೆಗೆದು ಬೆಳಕಿಗೆ ಹಿಡಿದ್ರೆ ಗಾಜಿನೊಳಗೆ ಅರ್ಧಕ್ಕೆ ಬೆಳ್ಳಗೆ ಮಂಜುಗಡ್ಡೆ, ಉಳಿದರ್ಧ ಕರಗಿ ನೀರು. ನನ್ನ ಕೈ ಅಲ್ಲೇ ನಡುಗಿತು. ಮೈನಸ್ ಇಟ್ಟಾಗ ಹೆಪ್ಪುಗಟ್ಟಿದ್ದು, ರಾತ್ರಿ ಯಾವಾಗ್ಲೋ ಬ್ಯಾಟರಿ ಸತ್ತ ಮೇಲೆ ಕರಗ್ಲಿಕ್ಕೆ ಶುರುವಾದದ್ದು.

ಇದು ತುಂಬ ಜನಕ್ಕೆ ಗೊತ್ತಿಲ್ಲ, ಹಾಗಾಗಿ ಒತ್ತಿ ಹೇಳ್ತೇನೆ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದ್ರೆ ಮುಗೀತು, ಕರಗಿದ ಮೇಲೆ ನೋಡ್ಲಿಕ್ಕೆ ತಿಳಿಯಾಗಿ ಕಂಡ್ರೂ ತಗೊಳ್ಳಬಾರದು, ಬಿಸಾಡ್ಬೇಕು. ಮೈನಸ್ ಇಡ್ಬೇಕು ಅಂತಲೂ ಇಲ್ಲ, 3-4 ಡಿಗ್ರಿ ಅಂತ ಇಟ್ರೂ ಈ ಫ್ರಿಜ್‌ಗಳ ಗೋಡೆಯ ಹತ್ರ ಡಿಸ್‌ಪ್ಲೇ ತೋರಿಸುದಕ್ಕಿಂತ ಜಾಸ್ತಿ ತಂಪಿರ್ತದೆ. ಅದೇ ಒಡೆದು ಉಪಯೋಗಿಸ್ತಾ ಇರುವ ಪೆನ್ನನ್ನು ಫ್ರಿಜ್ಜಲ್ಲಿ ಇಡ್ಬೇಕಂತಲೇ ಇಲ್ಲ, ಹೆಚ್ಚಿನ ಇನ್ಸುಲಿನ್‌ಗಳು ಬಿಸಿಲಿಗೆ ಇಡದೆ 30 ಡಿಗ್ರಿಯೊಳಗೆ ಇದ್ರೆ ಸುಮಾರು ನಾಲ್ಕು ವಾರ ನಿಲ್ತವೆ. ಅಪ್ಪನ ಪೆನ್ ಅವರ ಬಟ್ಟೆಯ ಚೀಲದಲ್ಲಿತ್ತು, ದೇವರು ದೊಡ್ಡವ, ಅವತ್ತು ಬೆಳಗಿನ ಇಂಜೆಕ್ಷನ್ ತಪ್ಪಲಿಲ್ಲ. ಅಪ್ಪ ಏನೂ ಬೈಲಿಲ್ಲ. "ಹೋಗ್ಲಿ ಮಗಾ, ಮಕ್ಕಳ ಎದುರು ಮುಖ ಸಣ್ಣ ಮಾಡ್ಬೇಡ" ಅಂತ ಹೇಳಿದ್ದು ಮಾತ್ರ. ಬೈದಿದ್ರೆ ವಾಸಿ ಇತ್ತು ಅನ್ನಿಸ್ತದೆ ಈಗ್ಲೂ.

ಗಾಡಿಯನ್ನು ದೂಡಿ ಸ್ಟಾರ್ಟ್ ಮಾಡ್ಲಿಕ್ಕೆ ನೋಡಿದೆವು, ಇಳಿಜಾರು ಇತ್ತು. ಆಗ್ಲಿಲ್ಲ. ಹಳೇ ಡೀಸೆಲ್ ಜೀಪುಗಳು ಹಾಗೆ ಹಿಡೀತಿದ್ವು, ಈಗಿನ ಗಾಡಿಗಳಲ್ಲಿ ಡೀಸೆಲ್ ಬಿಡ್ಲಿಕ್ಕೂ ಕಂಪ್ಯೂಟರ್ ಬೇಕು, ಕಂಪ್ಯೂಟರಿಗೆ ಸ್ವಲ್ಪವಾದ್ರೂ ಕರೆಂಟ್ ಬೇಕು, ನಮ್ಮ ಬ್ಯಾಟರಿಯಲ್ಲಿ ಅಷ್ಟೂ ಇರ್ಲಿಲ್ಲ. ಮೊಬೈಲಿಗೆ ರೇಂಜ್ ಇಲ್ಲ. ರಬ್ಬರ್ ಟ್ಯಾಪಿಂಗಿಗೆ ಬಂದ ಒಬ್ಬ ಚೇಟ ತನ್ನ ಬೈಕಲ್ಲಿ ಭಾವನನ್ನು ಪಾಣತ್ತೂರಿಗೆ ಕರ್ಕೊಂಡು ಹೋಗಿ, ಅಲ್ಲಿಂದ ಜಂಪರ್ ಕೇಬಲ್ ಇರುವ ಒಂದು ಪಿಕಪ್ ಹಿಡ್ಕೊಂಡು ಬರುವಾಗ ಹನ್ನೊಂದು ಗಂಟೆ ದಾಟಿತ್ತು. ಆ ಮನುಷ್ಯ ಒಂದು ರುಪಾಯಿ ಮುಟ್ಟಲಿಲ್ಲ. ತಲಕಾವೇರಿ ಬಿಟ್ಟು ಸೀದಾ ಮಡಿಕೇರಿಗೆ ಹೋಗಿ ಮೊದಲು ಡಾಕ್ಟರ ಹತ್ರ ಬರೆಸಿ ಹೊಸ ಇನ್ಸುಲಿನ್ ತಗೊಂಡೆವು.

ಬ್ಯಾಟರಿ ಮತ್ತೆ ಚೇತರಿಸಲಿಲ್ಲ. ನಾಲ್ಕು ವರ್ಷದ್ದು, 65 ಎಎಚ್ (ಆಂಪಿಯರ್-ಅವರ್). ಮೆಕ್ಯಾನಿಕ್ ಚಾರ್ಜಿಗೆ ಇಟ್ಟು ನೋಡಿ, ಪ್ಲೇಟಿಗೆ ಸಲ್ಫೇಟ್ ಹಿಡಿದಿದೆ, ಇನ್ನು ನಿಲ್ಲುದಿಲ್ಲ ಅಂದ. 7,000 ಚಿಲ್ಲರೆ ಹೋಯ್ತು. ಸ್ಟಾರ್ಟ್ ಮಾಡ್ಲಿಕ್ಕೆ ಅಂತ ಮಾಡಿದ ಬ್ಯಾಟರಿ ಒಮ್ಮೆಗೆ ಜೋರಾಗಿ ಕರೆಂಟ್ ಕೊಟ್ಟು ಕೂಡ್ಲೇ ತುಂಬಿಸಿಕೊಳ್ಳುವಂಥದ್ದು, ನಿಧಾನಕ್ಕೆ ತಳದವರೆಗೆ ಹೀರಿದ್ರೆ ತಡೆಯುದಿಲ್ಲ. 65 ಇಂಟು 12 ಅಂದ್ರೆ 780 ವಾಟ್-ಅವರ್ ಅಂತ ಲೆಕ್ಕದಲ್ಲಿ ಬರ್ತದೆ, ಆದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಳತಾದ್ರೆ ಆ ಅರ್ಧವೂ ಇರುದಿಲ್ಲ. ಲೋಡ್ ಇಲ್ಲದೆ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 12.6 ಇದ್ರೆ ಫುಲ್, 12.2 ಅಂದ್ರೆ ಆಗ್ಲೇ ಅರ್ಧ ಖಾಲಿ.

ಮನೆಗೆ ಬಂದ ಮೇಲೆ ನನಗೆ ಸಮಾಧಾನ ಇಲ್ಲ, ಒಂದು ಸಣ್ಣ ಡಿಸಿ ವಾಟ್ ಮೀಟರ್ ತರಿಸಿ ಬ್ಯಾಟರಿಗೂ ಫ್ರಿಜ್ಜಿಗೂ ನಡುವೆ ಹಾಕಿ ಅಳೆದೆ. ಜಗಲಿಯಲ್ಲಿ ನೆರಳಲ್ಲಿ, ಮೊದಲೇ ತಂಪಾದ ಸಾಮಾನು ಇಟ್ಟು, 5 ಡಿಗ್ರಿಗೆ ಸೆಟ್ ಮಾಡಿ, 24 ಗಂಟೆಗೆ 370 ವಾಟ್-ಅವರ್. ಸರಿ, ಮಾರುವವರು ಹೇಳಿದ್ದು ಸುಳ್ಳಲ್ಲ. ಅದೇ ಫ್ರಿಜ್, ಅದೇ ಸಾಮಾನು, ಅಡಿಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಗಾಜು ಏರಿಸಿ ಇಟ್ಟದ್ದಕ್ಕೆ 740. ಹಗಲಲ್ಲಿ ಕಂಪ್ರೆಸರ್ ನಿಲ್ಲಲೇ ಇಲ್ಲ. ಮುಚ್ಚಿದ ಗಾಡಿ ಬಿಸಿಲಲ್ಲಿ 50 ಡಿಗ್ರಿ ದಾಟ್ತದೆ, ಫ್ರಿಜ್ ಒಳಗಿನ ಬಿಸಿಯನ್ನು ಆ 50 ಡಿಗ್ರಿಗೆ ತಂದು ಸುರೀಬೇಕು, ಅದಕ್ಕೂ ಒಂದು ಮಿತಿ ಇಲ್ವಾ. ಅವತ್ತು ಹೋಗುವಾಗ ನಾವು ಅದರ ಬದಿಯ ಗಾಳಿ ಕಿಂಡಿಗೆ ಮಲಗುವ ಚಾಪೆ ಒತ್ತಿ ಇಟ್ಟಿದ್ದು ಬೇರೆ.

ಈಗ ನಾನು ಬ್ಯಾಟರಿಯಿಂದ ಸೀದಾ ಡಿಕ್ಕಿಗೆ 6 ಸ್ಕ್ವೇರ್ ಎಂಎಂ ವಯರ್ ಎಳೆಸಿ, ಬ್ಯಾಟರಿ ಹತ್ರವೇ ಫ್ಯೂಸ್ ಹಾಕಿಸಿದ್ದೇನೆ, ಸೆಟ್ಟಿಂಗ್ ಹೈನಿಂದ ಕದಲಿಸುದಿಲ್ಲ, ಇಂಜಿನ್ ಆಫ್ ಆದ್ರೆ ಫ್ರಿಜ್ಜೂ ಆಫ್. ರಾತ್ರಿ ಓಡಿಸ್ಲೇಬೇಕು ಅನ್ನುವವರು ಬೇರೆ ಲಿಥಿಯಂ ಬ್ಯಾಟರಿ ಇಡಿ, 12.8 ವೋಲ್ಟಿನ 100 ಎಎಚ್ ಅಂದ್ರೆ 1280 ವಾಟ್-ಅವರ್, ಸೆಕೆಯಲ್ಲೂ ಒಂದೂವರೆ ದಿನ ಧೈರ್ಯದಲ್ಲಿ ಇರ್ಬಹುದು. ಪವರ್ ಸ್ಟೇಶನ್ (ಪ್ಲಗ್ ಇರುವ, ಹೊತ್ಕೊಂಡು ಹೋಗುವ ಬ್ಯಾಟರಿ ಪೆಟ್ಟಿಗೆ) ತಗೊಳ್ಳುವವರು "80,000 ಎಂಎಎಚ್" ಅಂತ ದೊಡ್ಡ ನಂಬರ್ ನೋಡಿ ಮೋಸ ಹೋಗ್ಬೇಡಿ, ಅದು 3.7 ವೋಲ್ಟಿನ ಲೆಕ್ಕ, ಗುಣಿಸಿದ್ರೆ 296 ವಾಟ್-ಅವರ್ ಮಾತ್ರ, ನನ್ನ ಫ್ರಿಜ್ಜಿಗೆ ಜಗಲಿಯಲ್ಲೇ ಒಂದು ದಿನಕ್ಕೆ ಸಾಲುದಿಲ್ಲ. ಅದರಲ್ಲೂ ಮನೆಯ ಪ್ಲಗ್ ಥರದ್ದಕ್ಕೆ ಸಿಕ್ಕಿಸ್ಬೇಡಿ, 12 ವೋಲ್ಟಿನ ತೂತಿಗೇ ಸಿಕ್ಕಿಸಿ, ಇಲ್ಲದಿದ್ರೆ ಎಸಿ ಮಾಡಿ ಮತ್ತೆ ಡಿಸಿ ಮಾಡುದರಲ್ಲೇ ಒಂದಷ್ಟು ಹೋಗ್ತದೆ. ಕಂಪ್ರೆಸರ್ ಇಲ್ಲದ, ಫ್ಯಾನ್ ಮಾತ್ರ ತಿರುಗುವ ಕಮ್ಮಿ ರೇಟಿನ ಕೂಲರ್‌ಗಳು ಇನ್ನೂ ಕಷ್ಟ, ಅವು ನಿಲ್ಲದೆ 4-5 ಆಂಪಿಯರ್ ಎಳೀತಾನೇ ಇರ್ತವೆ, ಹೊರಗಿನ ಸೆಕೆಗಿಂತ 15-20 ಡಿಗ್ರಿ ಇಳಿಸಿದ್ರೆ ಹೆಚ್ಚು, 36 ಡಿಗ್ರಿ ಇರುವಾಗ ಒಳಗೆ 18 ಆದ್ರೆ ಅದರಲ್ಲಿ ಹಾಲೂ ನಿಲ್ಲುದಿಲ್ಲ, ಒಡೆಯದ ಇನ್ಸುಲಿನ್ ಇಡುವ ಯೋಚನೆಯೇ ಬೇಡ.

ಅಪ್ಪನ ಮದ್ದು ಇನ್ನು ಗಾಡಿಯ ಫ್ರಿಜ್ಜಿಗೆ ಹೋಗುದಿಲ್ಲ. ಹೋದಲ್ಲಿ ಮೆಡಿಕಲ್ ಉಂಟಾ ಅಂತ ಮೊದಲೇ ಕೇಳಿಟ್ಟುಕೊಂಡು, ಡಾಕ್ಟರ ಚೀಟಿ ಜೊತೆಗಿಟ್ಟು, ನಾಲ್ಕು ದಿನಕ್ಕೆ ಬೇಕಾದಷ್ಟೇ ಕೊಂಡುಹೋಗುದು. ನಿಮ್ಮಲ್ಲಿ ಯಾರಾದ್ರೂ ಹೊರಡುವ ಮೊದಲು ನಿಮ್ಮ ಫ್ರಿಜ್ ಅಳೆದು ನೋಡ್ಬೇಕು ಅಂತಿದ್ರೆ ಆ ವಾಟ್ ಮೀಟರ್ ನನ್ನ ಹತ್ರವೇ ಉಂಟು, ಬದಿಯಡ್ಕ ಪೇಟೆಗೆ ಬರುವಾಗ ಹೇಳಿ, ಕೊಡ್ತೇನೆ. ಒಂದಿಡೀ ದಿನ ಬಿಸಿಲಲ್ಲಿ ಗಾಡಿಯೊಳಗೆ ಇಟ್ಟೇ ಅಳೀರಿ, ಜಗಲಿಯಲ್ಲಿ ಅಲ್ಲ.