ಕಲಬುರಗಿಯ ಸಂಜೆ ಲಾ ಕ್ಲಾಸ್: ಪಾಠ ಸೂಪರ್, ನೋಟ್ಸ್ ಹಳೇದು

ಜಗತ್ ಸರ್ಕಲ್ ಕಡೆಯ ಈ ಕೋಚಿಂಗ್‌ನಲ್ಲಿ ಫ್ಯಾನ್ ಸದ್ದಿಗೆ ಹಿಂದಿನ ಬೆಂಚಿಗೆ ಏನೂ ಕೇಳಿಸಲ್ಲ, ಬೇಗ ಹೋಗಿ ಮುಂದೆ ಕೂತ್ಕೊಳ್ಳಿ. ಆದರೆ ಸಾಕ್ಷ್ಯದ ಪಾಠ ನಿಜಕ್ಕೂ ಚೆನ್ನಾಗಿದೆ. ಸಾಕ್ಷಿ ಹೇಳುವ ಪೊಲೀಸರೇ ಹಿಂದೆ ಸುಳ್ಳು ಹೇಳಿದ್ದರೆ? ಅಮೆರಿಕದಲ್ಲಿ 1963ರ ಬ್ರೇಡಿ ತೀರ್ಪಿನಂತೆ ಆರೋಪಿಗೆ ಅನುಕೂಲವಾಗುವ ಮುಖ್ಯ ಸಾಕ್ಷ್ಯವನ್ನು ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲರು) ಮುಚ್ಚಿಡುವಂತಿಲ್ಲ, 1972ರ ಜಿಲಿಯೊ ತೀರ್ಪು ಸಾಕ್ಷಿಯ ಮಾತಿನ ಮೇಲೆ ಅನುಮಾನ ಹುಟ್ಟಿಸುವ ಮಾಹಿತಿಯನ್ನೂ ಅದಕ್ಕೆ ಸೇರಿಸಿತು, ಹಾಗಾಗಿ ಅಲ್ಲಿನ ಎಷ್ಟೋ ಪ್ರಾಸಿಕ್ಯೂಟರ್ ಕಚೇರಿಗಳು ಸುಳ್ಳು ರಿಪೋರ್ಟ್ ಬರೆದು ಸಿಕ್ಕಿಬಿದ್ದಂಥ ಪೊಲೀಸರ ಪಟ್ಟಿಯನ್ನೇ ಇಟ್ಟುಕೊಂಡಿವೆ. ಪೊಲೀಸರಿಗಷ್ಟೇ ಗೊತ್ತಿದ್ದ ವಿಷಯವನ್ನೂ ಪ್ರಾಸಿಕ್ಯೂಟರ್ ಕೇಳಿ ತಿಳಿದುಕೊಳ್ಳಬೇಕು ಅಂತ 1995ರ ಕೈಲ್ಸ್ ತೀರ್ಪು ಹೇಳಿತು. ಪಟ್ಟಿ ಇಡುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಪೊಲೀಸ್ ಇಲಾಖೆ ಅವರ ಫೈಲನ್ನೇ ಕೊಡದಿದ್ದರೆ ಪಟ್ಟಿ ಇದ್ದು ಏನು ಪ್ರಯೋಜನ, ಅಲ್ವಾ?

ನಮ್ಮ ಸುಪ್ರೀಂ ಕೋರ್ಟ್ 2021ರಲ್ಲಿ, ಪ್ರಾಸಿಕ್ಯೂಷನ್ ಬಳಸದ ದಾಖಲೆಗಳ ಪಟ್ಟಿಯೂ ಆರೋಪಿಗೆ ಸಿಗಬೇಕು ಅಂದಿತು. ಕ್ಲಾಸಲ್ಲಿ ಈ ತೀರ್ಪನ್ನು ಮಾತ್ರ ಸುಮ್ನೆ ಓಡಿಸಿಬಿಟ್ಟರು. ನೋಟ್ಸ್ ಬಗ್ಗೆ ಕೇಳಲೇಬೇಡಿ, 2024ರ ಜುಲೈನಿಂದ ಹೊಸ ಸಾಕ್ಷ್ಯ ಕಾನೂನು ಬಂದಿದ್ದರೂ ಹಳೇ ಸೆಕ್ಷನ್ ನಂಬರುಗಳ ಜೆರಾಕ್ಸೇ ಕೊಡುತ್ತಾರೆ. ಐದಕ್ಕೆ ಮೂರು ಸ್ಟಾರ್.